ಗೋಡೆಯ ಮೇಲಿನ ಪ್ರಮಾಣಪತ್ರ

ಯುಗಾದಿಯ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಮಿತ್ರರೊಬ್ಬರು ಕೇಳಿದರು: "ಸಾರ್, ನಮ್ಮದು ಹದಿನೈದು ಜನರ ಪುಟ್ಟ ಕಂಪನಿ. ಐಎಸ್‌ಒ 9001 ತಗೊಂಡ್ರೆ ಏನು ಲಾಭ? ಗೋಡೆಗೆ ಒಂದು ಫ್ರೇಮು, ಅಷ್ಟೇ ತಾನೆ?" ಹೋಳಿಗೆ ಎಲೆಗೆ ಬಂದರೂ ನನ್ನ ಉತ್ತರ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1998ರಲ್ಲಿ ನಾನು ಸಿಂಗಪುರದ ಒಂದು ಸಣ್ಣ ಕಾರ್ಖಾನೆಗೆ ಕ್ವಾಲಿಟಿ ಎಂಜಿನಿಯರ್ ಆಗಿ ಸೇರಿದೆ. ಆಗ ಈ ಊರು ಹಾರ್ಡ್ ಡಿಸ್ಕ್ ತಯಾರಿಕೆಗೆ ಹೆಸರಾಗಿತ್ತು. ಅದಕ್ಕೆ ಬೇಕಾದ ಅಲ್ಯೂಮಿನಿಯಂ ಬಿಡಿಭಾಗಗಳನ್ನು ನಾವು ಮಾಡಿಕೊಡುತ್ತಿದ್ದೆವು. ಕೆಲಸಗಾರರು ಇಪ್ಪತ್ತೈದು ಜನ. ಆರ್ಡರುಗಳು ಹೆಚ್ಚುತ್ತಿದ್ದವು, ಮಾಲೀಕರಿಗೆ ಖುಷಿ.

ಒಂದು ದಿನ ಎರಡು ಸಾವಿರ ಬಿಡಿಭಾಗಗಳು ಪೆಟ್ಟಿಗೆ ಸಮೇತ ವಾಪಸು ಬಂದವು. ಗ್ರಾಹಕರು ಡ್ರಾಯಿಂಗ್ ಬದಲಿಸಿ ಕಳಿಸಿದ್ದರು. ಅದು ರಜೆಯಲ್ಲಿದ್ದ ಸೂಪರ್‌ವೈಸರ್ ಮೇಜಿನ ಡ್ರಾಯರಿನಲ್ಲೇ ಉಳಿದಿತ್ತು. ಯಂತ್ರದ ಮುಂದೆ ತೂಗುತ್ತಿದ್ದದ್ದು ಹಳೆಯ ಡ್ರಾಯಿಂಗ್. ಯಾರೂ ಸೋಮಾರಿಗಳಾಗಿರಲಿಲ್ಲ, ಆದರೂ ನಷ್ಟವಾಯಿತು. ಗ್ರಾಹಕರು ಖಡಾಖಂಡಿತವಾಗಿ ಹೇಳಿದರು: "ಒಂದು ವರ್ಷದೊಳಗೆ ಐಎಸ್‌ಒ 9002 ಪಡೆಯಿರಿ, ಇಲ್ಲದಿದ್ದರೆ ಆರ್ಡರ್ ಇಲ್ಲ." ನಮ್ಮ ಅರ್ಧಕ್ಕಿಂತ ಹೆಚ್ಚು ವ್ಯವಹಾರ ಅವರೊಬ್ಬರದೇ.

ಜಿನೀವಾದಲ್ಲಿ ಕೇಂದ್ರ ಕಚೇರಿಯಿರುವ ಐಎಸ್‌ಒ ಸಂಸ್ಥೆ ಶುರುವಾದದ್ದು 1947ರಲ್ಲಿ. 9000 ಸರಣಿಯ ಮಾನದಂಡಗಳು ಹೊರಬಂದದ್ದು 1987ರಲ್ಲಿ. ಇದು ವಸ್ತುವಿಗೆ ಒತ್ತುವ ಐಎಸ್‌ಐ ಮುದ್ರೆಯಂಥದ್ದಲ್ಲ. ವಸ್ತುವನ್ನು ತಯಾರಿಸುವ ಕ್ರಮ ಸರಿಯಿದೆಯೇ ಎಂದು ನೋಡುವಂಥದ್ದು. ನಮ್ಮವರು ಹೇಳುವ 'ನುಡಿದಂತೆ ನಡೆ' ಎಂಬುದೇ ಇದರ ತಿರುಳು.

ನಮ್ಮಲ್ಲಿ ಕಷ್ಟವಾದದ್ದು ಹಿರಿಯ ಮೆಷಿನಿಸ್ಟ್ ಅಂಕಲ್ ಅವರನ್ನು ಒಪ್ಪಿಸುವುದು. "ಇಪ್ಪತ್ತು ವರ್ಷದ ಕೈ ಇದು, ಕಾಗದ ನನಗೇನು ಕಲಿಸುತ್ತದೆ?" ಎಂದರು. ನನಗೆ ಅಮ್ಮನ ಸಾರಿನ ಪುಡಿ ನೆನಪಾಯಿತು. ಅಳತೆ ಕೇಳಿದರೆ "ಕಣ್ಣಂದಾಜು ಕಣೋ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಆ ರುಚಿ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಇದನ್ನು ಅಂಕಲ್‌ಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದುಕೋ" ಎಂದರು. ಮೂರು ಸಂಜೆ ಅವರು ಹೇಳಿದರು, ನಾನು ಬರೆದೆ.

1999ರಲ್ಲಿ ಆಡಿಟರ್ ಬಂದರು. ನೇರವಾಗಿ ಹೊಸ ಹುಡುಗನ ಬಳಿ ಹೋಗಿ, "ಇದೇ ಈಗಿನ ಡ್ರಾಯಿಂಗ್ ಎಂದು ನಿನಗೆ ಹೇಗೆ ಗೊತ್ತು?" ಎಂದು ಕೇಳಿದರು. ಅವನು ಆವೃತ್ತಿಯ ಸಂಖ್ಯೆಯನ್ನು ಪಟ್ಟಿಯಲ್ಲಿ ತೋರಿಸಿದ. ಕ್ಯಾಲಿಬ್ರೇಶನ್ ಅವಧಿ ಮುಗಿದ ಒಂದು ಮೈಕ್ರೋಮೀಟರಿಗಾಗಿ ತಪ್ಪು ಬರೆದುಕೊಂಡರು. ಅದನ್ನು ಸರಿಪಡಿಸಿದ ಮೇಲೆ ಪ್ರಮಾಣಪತ್ರ ಬಂತು. ಆರ್ಡರ್ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಅಂಕಲ್ ಇಲ್ಲದ ರಾತ್ರಿ ಪಾಳಿಯನ್ನೂ ಧೈರ್ಯವಾಗಿ ಆರಂಭಿಸಿದೆವು. ಬೆಳೆಯುವ ಉದ್ಯಮಕ್ಕೆ ನಿಜವಾದ ಲಾಭ ಇದೇ: ಒಬ್ಬರ ತಲೆಯಲ್ಲಿದ್ದ ವಿದ್ಯೆ ಎಲ್ಲರದಾಗುತ್ತದೆ.

ನಮ್ಮಿಂದ ತಪ್ಪೂ ಆಯಿತು. ಉತ್ಸಾಹದಲ್ಲಿ ಕಪಾಟು ತುಂಬ ಫೈಲು ಮಾಡಿದೆವು, ಓದುವವರಿಲ್ಲ. 2000ದ ಆವೃತ್ತಿಯಲ್ಲಿ 9001, 9002, 9003 ಮೂರೂ ಸೇರಿ 9001 ಒಂದೇ ಆಯಿತು. ಕಡ್ಡಾಯವಾಗಿ ಬರೆದಿಡಬೇಕಾದ ಕಾರ್ಯವಿಧಾನಗಳು ಆರಕ್ಕೆ ಇಳಿದವು. 2015ರ ಆವೃತ್ತಿಯಲ್ಲಿ ಕ್ವಾಲಿಟಿ ಮ್ಯಾನ್ಯುಯಲ್ ಸಹ ಕಡ್ಡಾಯವಲ್ಲ. ತೊಂದರೆ ಎಲ್ಲಿ ಬರಬಹುದೆಂದು ಮೊದಲೇ ಯೋಚಿಸುವುದಕ್ಕೆ ಅಲ್ಲಿ ಹೆಚ್ಚು ಒತ್ತು.

ಮಿತ್ರರಿಗೂ, ಇಲ್ಲಾಗಲಿ ಪೀಣ್ಯ, ಬೆಳಗಾವಿಯಲ್ಲಾಗಲಿ ಉದ್ಯಮ ನಡೆಸುವ ನಮ್ಮವರಿಗೂ ಎರಡು ಮಾತು. ಐಎಸ್‌ಒ ಸಂಸ್ಥೆ ತಾನೇ ಪ್ರಮಾಣಪತ್ರ ಕೊಡುವುದಿಲ್ಲ; ಬೇರೆ ಸಂಸ್ಥೆಗಳು ಕೊಡುತ್ತವೆ. ಅವುಗಳಿಗೆ ಸಿಂಗಪುರ ಅಕ್ರೆಡಿಟೇಶನ್ ಕೌನ್ಸಿಲ್, ಭಾರತದಲ್ಲಾದರೆ ಎನ್‌ಎಬಿಸಿಬಿಯಂಥ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ. ಎರಡನೆಯದು, ಸಿದ್ಧ ಫೈಲುಗಳನ್ನು ಕೊಂಡು ಹೆಸರು ಬದಲಿಸಬೇಡಿ. ಪತ್ರದ ಅವಧಿ ಸಾಮಾನ್ಯವಾಗಿ ಮೂರು ವರ್ಷ, ನಡುವೆ ಪ್ರತಿವರ್ಷ ತಪಾಸಣೆ ಇರುತ್ತದೆ. ಎರವಲು ತಂದ ಮಾತು ಅಲ್ಲಿ ನಿಲ್ಲುವುದಿಲ್ಲ.

ಫ್ರೇಮು ಗೋಡೆಯ ಮೇಲಿರಲಿ. ಆದರೆ ಅದಕ್ಕೆ ಮೊದಲು ನಿಮ್ಮ ಕಂಪನಿಯ 'ಅಂಕಲ್' ಪಕ್ಕದಲ್ಲಿ ಮೂರು ಸಂಜೆ ಕುಳಿತುಕೊಳ್ಳಿ.