ಮೂರು ವಾರವಾದರೂ ತೂಕ ಇಳಿಯಲಿಲ್ಲವೇ? ಈಗಲೇ ಕೈಬಿಡಬೇಡಿ



ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದ್ದೀರಿ. ರಾತ್ರಿ ತಟ್ಟೆ ತುಂಬ ಅನ್ನ ಇದ್ದ ಕಡೆ ಈಗ ಎರಡು ಚಪಾತಿ, ಪಲ್ಯ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಿ, ಅವರನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ, ಸೊಸೈಟಿಯ ಸುತ್ತ ಅರ್ಧ ಗಂಟೆ ನಡೆಯುತ್ತಿದ್ದೀರಿ. ಹೀಗೆ ಮೂರು ವಾರ ಆಯಿತು. ಭಾನುವಾರ ತೂಕದ ಯಂತ್ರದ ಮೇಲೆ ನಿಂತರೆ ಮೊದಲಿದ್ದ 72 ಕಿಲೋ ಹಾಗೇ ಇದೆ. ಕೆಲವರಿಗಂತೂ 72.6 ತೋರಿಸುತ್ತದೆ! "ನನ್ನ ಮೈಯೇ ಇಷ್ಟು, ಇದೆಲ್ಲ ನಮಗೆ ಆಗಿಬರುವುದಲ್ಲ" ಎಂದು ಮನಸ್ಸು ಸೋಲುವುದು ಆಗಲೇ. ಸೋಮವಾರ ನಡಿಗೆ ತಪ್ಪುತ್ತದೆ, ಬುಧವಾರದ ಹೊತ್ತಿಗೆ ಸಕ್ಕರೆ ಡಬ್ಬ ಮತ್ತೆ ಒಲೆಯ ಪಕ್ಕಕ್ಕೆ ಬಂದಿರುತ್ತದೆ.

ಬಿಡುವ ಮುನ್ನ ಇದನ್ನೊಮ್ಮೆ ಓದಿ. ಮೊದಲ ಮೂರು ನಾಲ್ಕು ವಾರ ಆ ಯಂತ್ರ ಹೇಳುವುದು ನಿಮ್ಮ ಕೊಬ್ಬಿನ ಲೆಕ್ಕವನ್ನಲ್ಲ.

*ಮೊದಲು ಲೆಕ್ಕ ಹಾಕೋಣ*

ಮೈಯಲ್ಲಿರುವ ಒಂದು ಕಿಲೋ ಕೊಬ್ಬಿನಲ್ಲಿ ಅಂದಾಜು 7,700 ಕ್ಯಾಲೊರಿ ಶಕ್ತಿ ಇರುತ್ತದೆ. ದಿನಕ್ಕೆ ನಾಲ್ಕು ಕಪ್ ಚಹಾ ಕುಡಿಯುವವರು ಕಪ್ಪಿಗೆ ಎರಡು ಚಮಚದಂತೆ ಹಾಕುತ್ತಿದ್ದ ಸಕ್ಕರೆಯನ್ನು ಪೂರ್ತಿ ಬಿಟ್ಟರೆ ಸುಮಾರು 160 ಕ್ಯಾಲೊರಿ ಉಳಿಯುತ್ತದೆ. 70 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಇನ್ನೊಂದು 120ರಿಂದ 150 ಖರ್ಚಾಗುತ್ತದೆ. ಎರಡೂ ಸೇರಿ ದಿನಕ್ಕೆ 300 ಎಂದುಕೊಳ್ಳಿ. ಮೂರು ವಾರಕ್ಕೆ 6,300. ಅಂದರೆ ಒಂದು ದಿನವೂ ತಪ್ಪಿಸದೆ ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಕರಗಿರುವುದು ಸುಮಾರು ಮುಕ್ಕಾಲು ಕಿಲೋ ಕೊಬ್ಬು.

ಮುಕ್ಕಾಲು ಕಿಲೋ ಕಡಿಮೆಯೇನಲ್ಲ. ತುಪ್ಪದ ಡಬ್ಬಿಯಲ್ಲಿ ಮುಕ್ಕಾಲು ಕಿಲೋ ಅಳೆದು ನೋಡಿ, ಎಷ್ಟಿದೆ ಗೊತ್ತಾಗುತ್ತದೆ. ಆದರೆ ಅದು ಯಂತ್ರದಲ್ಲಿ ಕಾಣುವುದಿಲ್ಲ. ಏಕೆಂದರೆ ನಮ್ಮೆಲ್ಲರ ತೂಕ ಒಂದು ದಿನದಿಂದ ಮತ್ತೊಂದು ದಿನಕ್ಕೇ ಒಂದೆರಡು ಕಿಲೋ ಏರಿಳಿಯುತ್ತಿರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೆ ಉಪ್ಪು ನೀರನ್ನು ಹಿಡಿದಿಡುತ್ತದೆ. ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೂ ತೂಕವೇ. ಹೆಂಗಸರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ, ತೂಕ ಏರುತ್ತದೆ, ಮುಟ್ಟಾದ ಮೇಲೆ ತಾನಾಗಿ ಇಳಿಯುತ್ತದೆ. ಈ ಏರಿಳಿತದ ನಡುವೆ ಮುಕ್ಕಾಲು ಕಿಲೋ ಹುಡುಕುವುದೆಂದರೆ ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ಹೊಸದಾಗಿ ವ್ಯಾಯಾಮ ಶುರು ಮಾಡಿದವರಿಗೆ ಇನ್ನೂ ಒಂದು ಸಂಗತಿ ಇದೆ. ರೂಢಿಯಿಲ್ಲದ ಸ್ನಾಯುಗಳು ದುಡಿದಾಗ ಅವುಗಳಲ್ಲಿ ಸಣ್ಣಪುಟ್ಟ ಊತ ಬರುತ್ತದೆ. ಮೊದಲ ವಾರ ಕಾಲು, ತೊಡೆ ನೋಯುವುದು ಅದಕ್ಕೇ. ಅದು ವಾಸಿಯಾಗುವಾಗ ಸ್ನಾಯು ನೀರು ಹಿಡಿದುಕೊಳ್ಳುತ್ತದೆ. ಜೊತೆಗೆ, ಕೆಲಸಕ್ಕೆ ಬೇಕಾದ ಇಂಧನವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಹೆಚ್ಚು ಕೂಡಿಟ್ಟುಕೊಳ್ಳಲು ಕಲಿಯುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಹೀಗಾಗಿ ಕೊಬ್ಬು ಕರಗುತ್ತಿರುವಾಗಲೇ ತೂಕ ನಿಂತಲ್ಲೇ ನಿಲ್ಲಬಹುದು, ಅರ್ಧ ಕಿಲೋ ಏರಲೂಬಹುದು. ನಿಮ್ಮ 72.6ರ ಗುಟ್ಟು ಇದೇ ಇರಬಹುದು.

ಹಾಗಾದರೆ ಪಕ್ಕದ ಫ್ಲ್ಯಾಟಿನವರು ಒಂದೇ ವಾರದಲ್ಲಿ ಮೂರು ಕಿಲೋ ಇಳಿಸಿದ್ದು? ಅದೂ ಹೆಚ್ಚಾಗಿ ನೀರೇ. ಅನ್ನ, ಚಪಾತಿ, ಹಣ್ಣು ಎಲ್ಲ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಗ್ಲೈಕೋಜನ್ ದಾಸ್ತಾನು ಖಾಲಿಯಾಗುತ್ತದೆ, ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಒಂದು ಮದುವೆ ಊಟ ಮಾಡಿದರೆ ಅಷ್ಟೂ ವಾಪಸ್ಸು. "7 ದಿನದಲ್ಲಿ 5 ಕಿಲೋ" ಎಂದು ಮಾರುವ ಪುಡಿ, ಕಷಾಯಗಳ ವ್ಯಾಪಾರ ನಡೆಯುವುದು ಈ ನೀರಿನ ಮೇಲೆಯೇ. ಕೆಲವದರಲ್ಲಿ ಭೇದಿಯ ಔಷಧವೂ ಇರುತ್ತದೆ. ನನ್ನನ್ನು ಕೇಳಿದರೆ, ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಶೂ ಕೊಳ್ಳಿ.

*ಮುಳ್ಳು ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ*

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ನಮ್ಮ ದೇಶದಲ್ಲೇ, ಚೆನ್ನೈಯಲ್ಲಿ, ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಾಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ಮಾಡಿ ಮೂರು ವರ್ಷ ಗಮನಿಸಿದರು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಮಾತ್ರ. ಇನ್ನೊಂದು ಗುಂಪಿಗೆ ಊಟ ಸುಧಾರಿಸಿಕೊಂಡು, ದಿನವೂ ಕನಿಷ್ಠ ಅರ್ಧ ಗಂಟೆ ಬಿರುಸು ನಡಿಗೆ ಮಾಡುವಂತೆ ಹೇಳಿ, ಮತ್ತೆ ಮತ್ತೆ ವಿಚಾರಿಸುತ್ತ ಬಂದರು. ಮೂರು ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ 100ಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಎರಡನೆಯ ಗುಂಪಿನಲ್ಲಿ 100ಕ್ಕೆ 39.

ಗಮನಿಸಬೇಕಾದ್ದು ಈಗ ಹೇಳುವುದನ್ನು: ಆ ಎರಡನೆಯ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲೇ ಇಲ್ಲ.

ಅವರೂ ತಿಂಗಳಿಗೊಮ್ಮೆ ಯಂತ್ರದ ಮೇಲೆ ನಿಂತು "ಏನೂ ಆಗಲಿಲ್ಲ" ಎಂದು ಬಿಟ್ಟಿದ್ದರೆ? ನಡೆಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ, ಇನ್ಸುಲಿನ್ ಮಾತನ್ನು ಹೆಚ್ಚು ಕೇಳುತ್ತದೆ. ಇದಕ್ಕೆ ತೂಕ ಇಳಿಯುವವರೆಗೆ ಕಾಯಬೇಕಿಲ್ಲ, ಮೊದಲ ದಿನದ ನಡಿಗೆಯಿಂದಲೇ ಶುರು. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ ಇರುವ ಮನೆಯವರು ಈ ಎರಡು ಅಂಕಿಗಳನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಬಹುದು.

ತೂಕ ಅರ್ಧ ಸತ್ಯ ಎನ್ನುವುದಕ್ಕೆ ಪುಣೆಯಿಂದ ಇನ್ನೊಂದು ಉದಾಹರಣೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಅಕ್ಕಪಕ್ಕ ನಿಂತ ಒಂದು ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಮೈಯ ಕೊಬ್ಬು ಅಳೆದಾಗ ಯಡ್ಕಿನ್ ಅವರಲ್ಲಿ ಶೇಕಡ 9.1, ನಮ್ಮ ಯಾಜ್ಞಿಕ್ ಅವರಲ್ಲಿ ಶೇಕಡ 21.2! ಭಾರತೀಯರ ಮೈ ತೆಳ್ಳಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಸೇರಿರುತ್ತದೆ. ನಮ್ಮ ಶತ್ರು ಇರುವುದು ಅಲ್ಲಿ.

*ಆದ್ದರಿಂದ ಟೇಪು ಹಿಡಿಯಿರಿ*

ಬಟ್ಟೆ ಹೊಲಿಯುವವರ ಹತ್ತಿರ ಇರುವ ಟೇಪು ಸಾಕು. ಬೆಳಿಗ್ಗೆ ತಿಂಡಿಗೆ ಮುಂಚೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಜಾಗದಲ್ಲಿ ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ (ಎಲ್ಲರೂ ಎಳೆಯುತ್ತಾರೆ!), ಸಹಜವಾಗಿ ಉಸಿರು ಬಿಟ್ಟಾಗ ಅಳತೆ ನೋಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆಯ ಗಂಟೆ. ಎರಡು ವಾರಕ್ಕೊಮ್ಮೆ ಅಳೆದು ಕ್ಯಾಲೆಂಡರಿನಲ್ಲೇ ಬರೆದಿಡಿ. ತೂಕ ನೋಡಲೇಬೇಕೆನಿಸಿದರೆ ವಾರಕ್ಕೊಮ್ಮೆ, ಅದೇ ವಾರ, ಅದೇ ಹೊತ್ತು. ಒಂದು ವಾರದ ಅಂಕಿ ಬಿಟ್ಟು ನಾಲ್ಕು ವಾರದ ಸರಾಸರಿಯನ್ನು ಹಿಂದಿನ ನಾಲ್ಕು ವಾರಕ್ಕೆ ಹೋಲಿಸಿ. ಮುಟ್ಟಾಗುವ ಹೆಂಗಸರಿಗೆ ಇದೊಂದೇ ನ್ಯಾಯವಾದ ಲೆಕ್ಕ.

ಇನ್ನು ಗುರಿಯ ವಿಷಯ. "ಮದುವೆಯಾದಾಗ 54 ಇದ್ದೆ, ಅಲ್ಲಿಗೇ ಹೋಗಬೇಕು" ಎಂದು ಹೊರಟರೆ ದಾರಿಯುದ್ದಕ್ಕೂ ಸೋಲೇ ಕಾಣುತ್ತದೆ. ಇರುವ ತೂಕದಲ್ಲಿ ಶೇಕಡ 5 ಇಳಿದರೂ ರಕ್ತದ ಸಕ್ಕರೆ, ಬಿಪಿ ಸುಧಾರಿಸುತ್ತವೆ. 72 ಕಿಲೋದವರಿಗೆ ಅದು ಮೂರೂವರೆ ಕಿಲೋ. ಆರು ತಿಂಗಳು ಕೊಡಿ.

ಅದಕ್ಕಿಂತ ಮುಖ್ಯವಾಗಿ, ನಿಮ್ಮ ಕೈಯಲ್ಲಿರುವುದನ್ನು ಎಣಿಸಿ. ತೂಕ ಇಳಿಯುವುದು ನಿಮ್ಮ ಕೈಯಲ್ಲಿಲ್ಲ, ನಡೆಯುವುದು ಇದೆ. ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗುರುತು ಹಾಕಿ. ವಾರಕ್ಕೆ ಐದು ಗುರುತು ಬಿದ್ದರೆ ಆ ವಾರ ಗೆದ್ದಂತೆ, ಯಂತ್ರ ಏನಾದರೂ ಹೇಳಲಿ. ಎರಡು ದಿನ ತಪ್ಪಿದರೆ ಮೂರನೆಯ ದಿನ ಹತ್ತೇ ನಿಮಿಷ ನಡೆದರೂ ಗುರುತು ಹಾಕಿ. ಮುಂಬೈಯ ಮಳೆಗಾಲದಲ್ಲಿ, ದೆಹಲಿಯಲ್ಲಿ ಹೊಗೆ ಕವಿಯುವ ನವೆಂಬರಿನಲ್ಲಿ, ಚೆನ್ನೈಯ ಮೇ ತಿಂಗಳ ಬಿಸಿಲಿನಲ್ಲಿ ಹೊರಗೆ ಹೋಗುವ ಮಾತೇ ಇಲ್ಲ. ಆಗ ಮನೆಯ ಹಾಲಿನಲ್ಲೇ, ಧಾರಾವಾಹಿ ನೋಡುತ್ತಲೇ ಹೆಜ್ಜೆ ಹಾಕಿದರೂ ಆಯಿತು. ಬಿಲ್ಡಿಂಗಿನ ಮೆಟ್ಟಿಲು ಇನ್ನೂ ಒಳ್ಳೆಯದು, ಮಂಡಿನೋವು ಇಲ್ಲದಿದ್ದರೆ.

*ನಿಜವಾಗಿ ಇಳಿಯದೇ ಇದ್ದರೆ*

ಎಂಟು ಹತ್ತು ವಾರವಾದರೂ ಟೇಪೂ ಅಲ್ಲಾಡಲಿಲ್ಲ ಎಂದರೆ ಆಗ ಹುಡುಕಬೇಕು. ಸಾಮಾನ್ಯವಾಗಿ ಸಿಗುವ ಜಾಗ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ, ಅಂದರೆ ಅರ್ಧ ಗಂಟೆಯ ನಡಿಗೆ ಅದೊಂದಕ್ಕೇ ಸರಿಹೋಯಿತು. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವ ಬದಲು ತಿಂಗಳ ಎಣ್ಣೆ ಎಷ್ಟು ಲೀಟರ್ ಖರ್ಚಾಗುತ್ತಿದೆ, ತಿನ್ನುವವರು ಎಷ್ಟು ಜನ ಎಂದು ಒಮ್ಮೆ ಲೆಕ್ಕ ಮಾಡಿ. ಎರಡನೆಯದು ಸಂಜೆಯ ತಿಂಡಿ. ಹೈದರಾಬಾದಿನಲ್ಲಿ ಇರಾನಿ ಚಹಾದ ಜೊತೆ ಉಸ್ಮಾನಿಯಾ ಬಿಸ್ಕತ್ತು, ಪುಣೆಯಲ್ಲಿ ಬಾಕರವಡಿ, ದೆಹಲಿಯಲ್ಲಿ ಸಮೋಸಾ. ಯಾರೂ ಇದನ್ನು ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ಮಹಾರಾಷ್ಟ್ರದಲ್ಲಿರುವ ನಮ್ಮವರು ಉಪವಾಸದ ದಿನ ಮಾಡುವ ಸಾಬುದಾಣಿ ಖಿಚಡಿಯೂ ಹೀಗೆಯೇ. ಸಾಬುದಾಣಿ ಬರೀ ಪಿಷ್ಟ, ಮೇಲೆ ಶೇಂಗಾ, ತುಪ್ಪ. ಉಪವಾಸ ಮಾಡಿ ತೂಕ ಏರಿತು ಎಂದರೆ ದೇವರನ್ನು ದೂರಬೇಡಿ.

ತಟ್ಟೆಯಲ್ಲಿ ಅನ್ನ, ರೊಟ್ಟಿಯ ಜಾಗಕ್ಕೆ ಪಲ್ಯ, ಬೇಳೆ, ಕಾಳು, ಮೊಸರು ಸೇರಿಸುವುದು ಹಸಿವಿಗೂ ಒಳ್ಳೆಯದು. ಹೆಸರುಕಾಳಿನ ಉಸುಳಿ, ಸೊಪ್ಪಿನ ಸಾರು, ಕೋಸಂಬರಿ ತಿಂದರೆ ಹೊಟ್ಟೆ ತುಂಬುತ್ತದೆ, ಹತ್ತು ಗಂಟೆಗೆ ಮತ್ತೆ ಡಬ್ಬಿ ತಡಕುವಂತಾಗುವುದಿಲ್ಲ. ರಾತ್ರಿ ಪಾಳಿಯವರಿಗೆ, ಕೊನೆಯ ಲೋಕಲ್ ಹಿಡಿದು ಬರುವವರಿಗೆ ನಿದ್ದೆ ಕಡಿಮೆ. ನಿದ್ದೆಗೆಟ್ಟವರಿಗೆ ಹಸಿವು ಜಾಸ್ತಿ. ಅಂಥವರು ಊಟ ಕಡಿಮೆ ಮಾಡುವ ಮೊದಲು ನಿದ್ದೆ ಹೆಚ್ಚು ಮಾಡಿಕೊಳ್ಳುವುದು ವಾಸಿ.

ಮನೆಯವರ ಮಾತು ಒಂದಿದೆಯಲ್ಲ. ಊರಿನಿಂದ ವಿಡಿಯೋ ಕಾಲ್ ಮಾಡಿದ ಅಮ್ಮ "ಎಷ್ಟು ಸೊರಗಿದ್ದೀಯೇ, ಸರಿಯಾಗಿ ಉಣ್ಣು" ಎನ್ನುತ್ತಾರೆ. ಇಲ್ಲಿ ಯಜಮಾನರು "ಏನೂ ವ್ಯತ್ಯಾಸ ಕಾಣ್ತಿಲ್ಲವಲ್ಲ" ಎನ್ನುತ್ತಾರೆ. ಇಬ್ಬರಿಗೂ ಎದುರು ಹೇಳಿ ಪ್ರಯೋಜನವಿಲ್ಲ. ಯಜಮಾನರನ್ನು ಜೊತೆಗೆ ನಡೆಯಲು ಕರೆಯಿರಿ, ಟೇಪನ್ನು ಅವರ ಹೊಟ್ಟೆಗೂ ಒಮ್ಮೆ ಸುತ್ತಿ. ಅಮ್ಮನಿಗೆ ಕ್ಯಾಲೆಂಡರಿನ ಗುರುತು ತೋರಿಸಿ. ಅವರೇ ನಾಳೆಯಿಂದ "ಇವತ್ತು ನಡೆದೆಯಾ?" ಎಂದು ಕೇಳಲು ಶುರು ಮಾಡಬಹುದು.

*ವೈದ್ಯರ ಹತ್ತಿರ ಯಾವಾಗ?*

ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು, ಕೂದಲು ಉದುರುವುದು ಜೊತೆಗಿದ್ದರೆ ಥೈರಾಯ್ಡ್‌ಗಾಗಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಪಿಸಿಓಎಸ್ ಇರಬಹುದು. ಸ್ಟೀರಾಯ್ಡ್, ಮನೋರೋಗದ ಮತ್ತು ಅಪಸ್ಮಾರದ ಕೆಲವು ಔಷಧಗಳು, ಇನ್ಸುಲಿನ್ ತೂಕ ಹೆಚ್ಚಿಸಬಹುದು. ಅವನ್ನು ನೀವಾಗಿ ನಿಲ್ಲಿಸಬೇಡಿ, ಕೇಳಿ ಬದಲಿಸಿ. ಕಾಲಲ್ಲಿ ಬಾವು, ನಡೆದರೆ ಎದೆನೋವು, ಮಲಗಿದರೆ ಉಬ್ಬಸ ಇದ್ದರೆ ತೂಕದ ಮಾತು ಬದಿಗಿಟ್ಟು ತಕ್ಷಣ ತೋರಿಸಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧ ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ಅಂಶ ಒಮ್ಮೆಲೇ ಕುಸಿದು ನಡುಕ, ಬೆವರು, ತಲೆಸುತ್ತು ಬರಬಹುದು. ನಡೆಯಲು ಹೋಗುವಾಗ ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಮಾತ್ರೆಯೋ ಸಕ್ಕರೆಯ ಪೊಟ್ಟಣವೋ ಇರಲಿ. ವರ್ಗಾವಣೆಯಾಗಿ ಬಂದವರು ಹಿಂದಿನ ಊರಿನ ರಿಪೋರ್ಟುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಹೊಸ ವೈದ್ಯರಿಗೆ ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ. ಅದರ ಜೊತೆಗೇ ಕ್ಯಾಲೆಂಡರಿನ ಫೋಟೋ ಕೂಡ ತೋರಿಸಿ. ನೀವು ಎಷ್ಟು ದಿನ ನಡೆದಿದ್ದೀರಿ, ಸುತ್ತಳತೆ ಎಷ್ಟಿತ್ತು ಎಷ್ಟಾಯಿತು ಎನ್ನುವುದು ಅವರಿಗೂ ಬೇಕಾದ ಮಾಹಿತಿ.