ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಅಭ್ಯಾಸ

ಕನ್ನಡ ಪಾಠ ಹೇಳುವ ಪಂಡಿತನಿಗೆ ಇಂಗ್ಲಿಷಿನ ಗೊಡವೆ ಏಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೆ. ಆದರೆ ಪ್ರೌಢಶಾಲೆಯ ಮಕ್ಕಳ ನಡುವೆ ಬಾಳುವವನಿಗೆ ಒಂದು ಸಂಗತಿ ವರ್ಷವರ್ಷವೂ ಕಣ್ಣಿಗೆ ಬೀಳುತ್ತದೆ. ಲೆಕ್ಕದಲ್ಲಿ ಚುರುಕಾದ, ಕನ್ನಡದಲ್ಲಿ ಸೊಗಸಾಗಿ ಪ್ರಬಂಧ ಬರೆಯಬಲ್ಲ ಮಕ್ಕಳು ಇಂಗ್ಲಿಷಿನ ಉತ್ತರಪತ್ರಿಕೆ ಕೈಗೆ ಬಂದೊಡನೆ ತಾವು ದಡ್ಡರೆಂದು ತೀರ್ಮಾನಿಸಿಬಿಡುತ್ತಾರೆ. ಮನೆಯಲ್ಲಿ ಹಿರಿಯರು ಇನ್ನೊಂದು ತೀರ್ಮಾನಕ್ಕೆ ಬರುತ್ತಾರೆ: ಕನ್ನಡದ ಓದು ಹೆಚ್ಚಾದುದರಿಂದಲೇ ಇಂಗ್ಲಿಷು ಕೆಟ್ಟಿತು, ಇನ್ನು ಕಥೆಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕು ಎಂದು. ಈ ಎರಡು ತೀರ್ಮಾನಗಳೂ ಸರಿಯಲ್ಲ. ಮಗು ದಡ್ಡನಲ್ಲ, ಕನ್ನಡವು ಅಡ್ಡಿಯೂ ಅಲ್ಲ. ಕನ್ನಡದ ವಾಕ್ಯವು ಹೇಗೆ ನಡೆಯುತ್ತದೆಂದು ಬಲ್ಲ ಮಗುವಿಗೆ ಇಂಗ್ಲಿಷಿನ ವಾಕ್ಯವು ಎಲ್ಲಿ ಬೇರೆ ದಾರಿ ಹಿಡಿಯುತ್ತದೆಂದು ತೋರಿಸಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಅಭ್ಯಾಸ.

ಮೊದಲು ವ್ಯಾಕರಣದ ಮಾತು. ಎರಡು ಭಾಷೆಗಳಿಗೂ ಇರುವ ಮುಖ್ಯ ಭೇದ ಪದಗಳ ಸ್ಥಾನಕ್ಕೆ ಸಂಬಂಧಿಸಿದ್ದು. 'ರಾಮನು ರಾವಣನನ್ನು ಕೊಂದನು' ಎಂದರೂ, 'ರಾವಣನನ್ನು ರಾಮನು ಕೊಂದನು' ಎಂದರೂ ಕನ್ನಡದಲ್ಲಿ ಸತ್ತವನು ರಾವಣನೇ. ಏಕೆಂದರೆ ಯಾರು ಕರ್ತೃ, ಯಾರು ಕರ್ಮ ಎಂಬುದನ್ನು ವಿಭಕ್ತಿಪ್ರತ್ಯಯವು ಹೆಗಲ ಮೇಲೆ ಹೊತ್ತುಕೊಂಡಿದೆ. ಇಂಗ್ಲಿಷಿನ ನಾಮಪದಕ್ಕೆ ಅಂತಹ ಪ್ರತ್ಯಯವಿಲ್ಲ. 'ರಾಮ ಕಿಲ್ಡ್ ರಾವಣ' ಎಂಬಲ್ಲಿ ಮುಂದೆ ನಿಂತವನು ಕೊಂದವನು, ಹಿಂದೆ ನಿಂತವನು ಸತ್ತವನು. ಹೆಸರುಗಳ ಜಾಗ ಬದಲಾಯಿಸಿದರೆ ರಾಮಾಯಣವೇ ತಲೆಕೆಳಗಾಗುತ್ತದೆ. ಆದುದರಿಂದ ಕರ್ತೃ, ಕ್ರಿಯೆ, ಕರ್ಮ ಎಂಬ ಕ್ರಮವನ್ನು ಮಗುವು ನಿಯಮವೆಂದು ಉರು ಹಾಕುವುದಕ್ಕಿಂತ, ಇಂಗ್ಲಿಷಿನಲ್ಲಿ ಸ್ಥಾನವೇ ವಿಭಕ್ತಿ ಎಂದು ತಿಳಿಯುವುದು ಮೇಲು.

ಎರಡನೆಯ ತೊಡಕು ಸಪ್ತಮಿಯದು. ನಮ್ಮ 'ಅಲ್ಲಿ' ಎಂಬ ಪ್ರತ್ಯಯ ಬಹಳ ಉದಾರಿ. 'ಮನೆಯಲ್ಲಿ', 'ಗೋಡೆಯಲ್ಲಿ', 'ಬಾಗಿಲಲ್ಲಿ' ಎಂದು ಎಲ್ಲ ಕಡೆಗೂ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನವನು ಇದನ್ನೇ ಮೂರು ಪಾಲು ಮಾಡುತ್ತಾನೆ. ಒಳಗಿದ್ದರೆ 'ಇನ್ ದ ಹೌಸ್', ತಗುಲಿಕೊಂಡಿದ್ದರೆ 'ಆನ್ ದ ವಾಲ್', ಒಂದು ಬಿಂದುವಿನ ಬಳಿ ನಿಂತಿದ್ದರೆ 'ಅಟ್ ದ ಡೋರ್'. ಮೇಲಾಗಿ ನಮ್ಮಲ್ಲಿ ಪದದ ಹಿಂದೆ ಅಂಟುವುದು ಅವರಲ್ಲಿ ಪದದ ಮುಂದೆ ಬಿಡಿಯಾಗಿ ನಿಲ್ಲುತ್ತದೆ. ಮಗುವು 'ಇನ್' ಇರಬೇಕಾದಲ್ಲಿ 'ಆನ್' ಬರೆದರೆ ಅದು ಅಜಾಗ್ರತೆಯೆಂದು ಗದರಬಾರದು. ಕನ್ನಡದಲ್ಲಿ ಒಂದಾಗಿದ್ದುದನ್ನು ಮೂರಾಗಿ ಒಡೆಯಲು ಅದಕ್ಕೆ ಇನ್ನೂ ಅಭ್ಯಾಸವಾಗಿಲ್ಲ, ಅಷ್ಟೆ.

ಮೂರನೆಯದು ಕ್ರಿಯಾಪದದ ವಿಚಾರ. 'ಅವನು ಹುಡುಗ' ಎಂಬುದು ಕನ್ನಡದಲ್ಲಿ ಕ್ರಿಯಾಪದವಿಲ್ಲದ ಪೂರ್ಣ ವಾಕ್ಯ. ಇಂಗ್ಲಿಷಿನಲ್ಲಿ ಕ್ರಿಯಾಪದವಿಲ್ಲದ ವಾಕ್ಯ ಕಂಬವಿಲ್ಲದ ಚಪ್ಪರದಂತೆ. ಅಲ್ಲಿ 'ಹೀ ಈಸ್ ಎ ಬಾಯ್' ಎಂದೇ ಆಗಬೇಕು. ಹಾಗೆಯೇ ನಾವು 'ಬಂದೆನು' ಎಂದರೆ ಬಂದವನು ನಾನೆಂದು ಕ್ರಿಯಾಪದವೇ ಸಾರುತ್ತದೆ. ಇಂಗ್ಲಿಷಿನ 'ಕೇಮ್' ಎಂಬುದಕ್ಕೆ ಆ ಶಕ್ತಿಯಿಲ್ಲ. 'ಐ' ಎಂದು ಸರ್ವನಾಮವನ್ನು ಹೇಳಲೇಬೇಕು. 'ನನಗೆ ಹಸಿವಾಗಿದೆ', 'ನನಗೆ ಇಬ್ಬರು ತಮ್ಮಂದಿರಿದ್ದಾರೆ' ಎಂಬ ನಮ್ಮ ಚತುರ್ಥೀವಿಭಕ್ತಿಯ ವಾಕ್ಯಗಳು ಅಲ್ಲಿ 'ಐ ಆಮ್ ಹಂಗ್ರಿ', 'ಐ ಹ್ಯಾವ್ ಟೂ ಬ್ರದರ್ಸ್' ಎಂದು ಪ್ರಥಮಾವಿಭಕ್ತಿಗೆ ತಿರುಗುತ್ತವೆ.

ಕಾಲದ ವಿಷಯದಲ್ಲಿ ನಮ್ಮ ಮಕ್ಕಳು ಎಡವುವುದಕ್ಕೂ ಕಾರಣವುಂಟು. 'ದಿನವೂ ಬರುತ್ತೇನೆ', 'ನಾಳೆ ಬರುತ್ತೇನೆ' ಎಂದು ರೂಢಿಗೂ ಭವಿಷ್ಯಕ್ಕೂ ನಾವು ಒಂದೇ ರೂಪವನ್ನು ಬಳಸುತ್ತೇವೆ. ಆದುದರಿಂದ ಮಗು ನಾಳೆಯ ಸಂಗತಿಗೂ 'ಐ ಕಮ್ ಟುಮಾರೊ' ಎಂದು ಬರೆಯುತ್ತದೆ. ಅಲ್ಲಿ 'ವಿಲ್' ಬೇಕು. ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಾವು 'ಬಂದನು' ಎಂಬುದನ್ನು 'ಬಂದನೆ?' ಎಂದು ಕೊನೆಯಲ್ಲಿ ಎಳೆದರೆ ಪ್ರಶ್ನೆಯಾಯಿತು. ಇಂಗ್ಲಿಷಿನಲ್ಲಿ 'ಡಿಡ್' ಎಂಬುದು ಮುಂದೆ ಬಂದು ನಿಲ್ಲುತ್ತದೆ, ಬರುವಾಗ ಭೂತಕಾಲದ ಗುರುತನ್ನೂ ತಾನೇ ಹೊತ್ತು ತರುತ್ತದೆ. ಒಂದು ಹೊರೆಯನ್ನು ಇಬ್ಬರು ಹೊರಬೇಕಾಗಿಲ್ಲ. ಆದುದರಿಂದ 'ಡಿಡ್ ಹೀ ಕಮ್' ಎನ್ನಬೇಕೇ ಹೊರತು 'ಡಿಡ್ ಹೀ ಕೇಮ್' ಎನ್ನಬಾರದು. ಈ ಹೊರೆಯ ಮಾತು ಹೇಳಿದ ಮೇಲೆ ಎಷ್ಟೋ ಮಕ್ಕಳ ಬರವಣಿಗೆಯಿಂದ ಆ ದೋಷ ತಾನಾಗಿ ಹೋಗುವುದನ್ನು ನೋಡಿದ್ದೇನೆ.

ಇನ್ನು 'ಎ' ಮತ್ತು 'ದ' ಎಂಬ ಎರಡು ಪುಟ್ಟ ಪದಗಳು. ದೊಡ್ಡವರನ್ನೂ ಕಾಡುವಂಥವು ಇವು. ಇವುಗಳ ಮರ್ಮ ಅಜ್ಜಿಯ ಕಥೆಯಲ್ಲಿಯೇ ಇದೆ. 'ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಒಬ್ಬಳು ಮಗಳಿದ್ದಳು. ಆ ಮಗಳು...' ಎಂದು ಕಥೆ ಸಾಗುತ್ತದಲ್ಲವೆ? ಕೇಳುವವನಿಗೆ ಹೊಸದಾದದ್ದು 'ಒಬ್ಬ', ಆಗಲೇ ಪರಿಚಯವಾದದ್ದು 'ಆ'. ಹಾಗೆಯೇ ಮೊದಲ ಸಲ 'ಎ ಕಿಂಗ್', ಎರಡನೆಯ ಸಲ 'ದ ಕಿಂಗ್'. ಎಲ್ಲ ಪ್ರಯೋಗಗಳೂ ಈ ಒಂದು ಸೂತ್ರಕ್ಕೆ ಸಿಕ್ಕುವುದಿಲ್ಲ, ನಿಜ. ಆದರೆ ಶಾಲೆಯ ಮಗುವಿಗೆ ಬೇಕಾದ ಬಹುಭಾಗ ಇದರಲ್ಲಿ ಅಡಗಿದೆ.

ಈ ಭೇದಗಳನ್ನು ತಿಳಿದರೆ ಸಾಲದು. ನಾಲಗೆಗೂ ಕೈಗೂ ಅವು ಇಳಿಯಬೇಕು. ಅದಕ್ಕೆ ಒಂದು ವಾಕ್ಯವನ್ನು ತಿರುತಿರುಗಿಸಿ ಹೇಳುವ ಅಭ್ಯಾಸ ಬಲು ಒಳ್ಳೆಯದು. 'ಸೀತಾ ಗೋಸ್ ಟು ಸ್ಕೂಲ್' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಅದನ್ನು ಪ್ರಶ್ನೆ ಮಾಡಿದರೆ 'ಡಸ್ ಸೀತಾ ಗೋ ಟು ಸ್ಕೂಲ್?' ನಿಷೇಧ ಮಾಡಿದರೆ 'ಸೀತಾ ಡಸ್ ನಾಟ್ ಗೋ ಟು ಸ್ಕೂಲ್'. ಭೂತಕ್ಕೆ 'ವೆಂಟ್', ಭವಿಷ್ಯಕ್ಕೆ 'ವಿಲ್ ಗೋ'. ದಿನಕ್ಕೆ ಎರಡೇ ವಾಕ್ಯಗಳನ್ನು ಹೀಗೆ ಬಾಯಲ್ಲಿ ತಿರುಗಿಸಿ ಅನಂತರ ಬರೆದರೆ ಹತ್ತು ನಿಮಿಷ ಸಾಕು. ಶಬ್ದರೂಪಗಳನ್ನು ಬಾಯಿಪಾಠ ಮಾಡಿ ಬೆಳೆದ ಹಿಂದಿನ ತಲೆಮಾರಿನವರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ವ್ಯಾಕರಣವನ್ನು ಬಿಡಿಯಾಗಿ ಕಲಿಸಿದರೆ ಭಾಷೆ ಬಂದೀತೆ ಎಂಬ ಸಂಶಯವೂ ಹಳೆಯದೇ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ವ್ಯಾಕರಣದ ಪಾಠವನ್ನು ಬದಿಗಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಮೊದಲಾದುವನ್ನು ಮಕ್ಕಳ ಮುಂದಿಟ್ಟು, ಲೆಕ್ಕ ಬಿಡಿಸುವಂತೆ ಇಂಗ್ಲಿಷಿನಲ್ಲಿಯೇ ಉತ್ತರವನ್ನು ಹುಡುಕಿಸಿದರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣವು ತಾನಾಗಿ ಒಳಗೆ ನೆಲೆಯೂರುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಪ್ರಕಟವಾದ ಅವರ ಗ್ರಂಥ ಭಾಷಾಬೋಧನೆಯ ಪ್ರಪಂಚದಲ್ಲೆಲ್ಲ ಚರ್ಚೆಗೆ ಬಂದಿತು. ಕನ್ನಡ ಪಂಡಿತನಿಗೆ ಸೂತ್ರವನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸು ಬಾರದು. ಆದರೂ ಕೆಲಸದ ಮೂಲಕ ಕಲಿಯುವುದರ ಸತ್ತ್ವವನ್ನು ಒಪ್ಪಲೇಬೇಕು. ಸೂತ್ರವು ದಾರಿಯನ್ನು ತೋರಿಸೀತು, ನಡೆಯುವುದು ಕಾಲೇ ತಾನೆ?

ಇದನ್ನು ಮನೆಯಲ್ಲಿ ಮಾಡಲು ಬೇರೆ ಸಾಮಗ್ರಿ ಬೇಡ. ಈ ಪತ್ರಿಕೆಯ ಕಾರ್ಯಕ್ರಮಗಳ ಪಟ್ಟಿಯೇ ಸಾಕು. 'ವೆನ್ ಈಸ್ ದ ನ್ಯೂಸ್?' 'ವಾಟ್ ಕಮ್ಸ್ ಆಫ್ಟರ್ ದ ನ್ಯೂಸ್?' 'ವಾಟ್ ಕಮ್ಸ್ ಬಿಫೋರ್ ದ ಪ್ಲೇ?' ಎಂದು ಅಣ್ಣ ಕೇಳಲಿ, ತಂಗಿ ಪಟ್ಟಿಯನ್ನು ನೋಡಿ ಹೇಳಲಿ. ಮರುದಿನ ತಂಗಿಯ ಸರದಿ. ಗಂಟೆಗೆ 'ಅಟ್', ವಾರಕ್ಕೆ 'ಆನ್', ತಿಂಗಳಿಗೆ 'ಇನ್' ಎಂಬ ಭೇದ ಆಟದಲ್ಲಿಯೇ ಬಾಯಿಗೆ ಬಂದುಬಿಡುತ್ತದೆ.

ಎರಡನೆಯದಾಗಿ ಶಬ್ದಸಂಪತ್ತು. ಇಂಗ್ಲಿಷಿನ ನಿಘಂಟಿನ ಗಾತ್ರವನ್ನು ಕಂಡು ಹೆದರಬೇಕಾಗಿಲ್ಲ. ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞರು 1953ರಲ್ಲಿ ಪ್ರಕಟಿಸಿದ ಪದಪಟ್ಟಿಯಲ್ಲಿ ಕಲಿಯುವವರಿಗೆ ಹೆಚ್ಚು ಬಳಕೆಗೆ ಬರುವ ಸುಮಾರು 2000 ಪದಗಳನ್ನು ಆರಿಸಿಕೊಟ್ಟಿದ್ದಾರೆ. ಸಾಮಾನ್ಯ ಬರವಣಿಗೆಯ ಬಹುಪಾಲು ಇಂತಹ ಪದಗಳಿಂದಲೇ ಆಗಿರುತ್ತದೆ. ದಿನಕ್ಕೆ 5 ಪದಗಳಂತೆ ಕಲಿತರೆ 400 ದಿನಗಳಲ್ಲಿ 2000 ಪದಗಳಾದುವು. ಎಂಟನೆಯ ತರಗತಿಯಲ್ಲಿ ತೊಡಗಿದವರು ಹತ್ತನೆಯ ತರಗತಿ ಮುಗಿಯುವುದರೊಳಗೆ ಅವನ್ನು ಕಲಿತು ಎರಡು ಸಲ ಮೆಲುಕು ಹಾಕುವಷ್ಟು ಕಾಲವಿದೆ. ಮೆಲುಕು ಮುಖ್ಯ. ಇಂದು ಕಲಿತ ಪದವನ್ನು ನಾಳೆ, ಒಂದು ವಾರದ ಮೇಲೆ, ಒಂದು ತಿಂಗಳ ಮೇಲೆ ಮತ್ತೆ ನೋಡಬೇಕು. ಒಂದೇ ದಿನ ನೂರು ಸಲ ಬರೆದ ಪದ ಮರೆತುಹೋಗುತ್ತದೆ. ಬಿಟ್ಟು ಬಿಟ್ಟು ನಾಲ್ಕು ಸಲ ನೆನೆದ ಪದ ನಿಲ್ಲುತ್ತದೆ.

ಪದಗಳನ್ನು ಒಂಟಿಯಾಗಿ ಕಲಿಯದೆ ಕುಟುಂಬಸಮೇತ ಕಲಿಯಬೇಕು. ಇಲ್ಲಿಯೂ ಕನ್ನಡದ ನೆರವುಂಟು. ಕೇಶಿರಾಜನು 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದಂದಿನಿಂದ ನಮ್ಮ ಪಾಠಶಾಲೆಗಳಿಗೆ ತದ್ಧಿತ, ಕೃದಂತಗಳು ಪರಿಚಿತವೇ. 'ಹಾಡು' ಎಂಬುದರಿಂದ 'ಹಾಡುಗಾರ' ಆದಂತೆ 'ಸಿಂಗ್' ಎಂಬುದರಿಂದ 'ಸಿಂಗರ್'. 'ಒಳ್ಳೆಯತನ'ದ 'ತನ' ಮಾಡುವ ಕೆಲಸವನ್ನೇ 'ಗುಡ್‌ನೆಸ್' ಎಂಬಲ್ಲಿ 'ನೆಸ್' ಮಾಡುತ್ತದೆ. 'ಅನ್ಯಾಯ'ದ ಮುಂದಿನ 'ಅ'ಕಾರದಂತೆ 'ಅನ್‌ಹ್ಯಾಪಿ' ಎಂಬಲ್ಲಿ 'ಅನ್' ಬಂದು ಅರ್ಥವನ್ನು ತಿರುಗಿಸುತ್ತದೆ. ಹೀಗೆ ಒಂದು ಪ್ರತ್ಯಯ ತಿಳಿದರೆ ಹತ್ತು ಪದಗಳ ಬೀಗ ತೆರೆಯುತ್ತದೆ.

ಮನೆಮಾತಿನಲ್ಲಿ ಆಗಲೇ ಸೇರಿಹೋಗಿರುವ ಬಸ್ಸು, ಟಿಕೇಟು, ಪೆನ್ನು, ಡಾಕ್ಟರು ಮೊದಲಾದ ಪದಗಳನ್ನು ಮಕ್ಕಳು ಪಟ್ಟಿ ಮಾಡಲಿ. ನೂರಕ್ಕೆ ಕಡಮೆಯಾಗಲಾರವು. ಆದರೆ ಕೆಲವು ಪದಗಳು ನಮ್ಮಲ್ಲಿಗೆ ಬಂದು ಅರ್ಥವನ್ನು ಬದಲಿಸಿಕೊಂಡಿವೆ. ನಾವು ರೈಲು ಹತ್ತುತ್ತೇವೆ. ಇಂಗ್ಲಿಷಿನಲ್ಲಿ 'ರೈಲ್' ಎಂದರೆ ಮುಖ್ಯವಾಗಿ ಕಂಬಿ, ಹತ್ತುವುದು 'ಟ್ರೇನ್'. ನಾವು ಹೋಟೆಲಿಗೆ ಹೋಗುವುದು ದೋಸೆಗಾಗಿ, ಅವರ 'ಹೋಟೆಲ್' ಮುಖ್ಯವಾಗಿ ತಂಗುವ ಸ್ಥಳ. ಇಂತಹ ಭೇದಗಳನ್ನು ಹುಡುಕುವುದು ಮಕ್ಕಳಿಗೆ ಪ್ರಿಯವಾದ ಕೆಲಸ.

ಕಾಗುಣಿತದ ಬಗ್ಗೆ ಒಂದು ಎಚ್ಚರಿಕೆ. ಕನ್ನಡದ 49 ಅಕ್ಷರಗಳು ನುಡಿದಂತೆ ಬರೆಯಲು ಅನುಕೂಲವಾದುವು. ಇಂಗ್ಲಿಷಿನ 26 ಅಕ್ಷರಗಳು ನಲವತ್ತಕ್ಕೂ ಮಿಕ್ಕ ಧ್ವನಿಗಳನ್ನು ಹೊರಬೇಕಾಗಿದೆ. 'ಕಟ್' ಮತ್ತು 'ಪುಟ್' ಎಂಬ ಎರಡರಲ್ಲಿಯೂ ನಡುವೆ ಇರುವುದು ಒಂದೇ ಅಕ್ಷರ, ಉಚ್ಚಾರ ಮಾತ್ರ ಬೇರೆ. ಇಲ್ಲಿ ವಾಚಕರ ಅನುಕೂಲಕ್ಕೆಂದು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಮಕ್ಕಳು ಮಾತ್ರ ಪಠ್ಯಪುಸ್ತಕದ ಸಾಲುಗಳ ಮೇಲೆ ಕನ್ನಡದಲ್ಲಿ ಬರೆದಿಟ್ಟುಕೊಂಡು ಓದುವ ಚಾಳಿಯನ್ನು ಬಿಡಬೇಕು. ಕಣ್ಣು ಮೇಲಿನ ಕನ್ನಡವನ್ನೇ ಓದಿ ಕೆಳಗಿನ ಅಕ್ಷರಗಳನ್ನು ನೋಡದೆ ಹೋಗುತ್ತದೆ.

ಕೊನೆಯದು ಓದು. ಮೇಲೆ ಹೇಳಿದ ವೆಸ್ಟ್ ಅವರು ಢಾಕಾದಲ್ಲಿ ಅಧ್ಯಾಪಕರ ತರಬೇತಿಯಲ್ಲಿ ತೊಡಗಿದ್ದವರು. ಬಂಗಾಳದ ವಿದ್ಯಾರ್ಥಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇಂಗ್ಲಿಷನ್ನು ಓದಿ ತಿಳಿಯುವ ಶಕ್ತಿ ಎಂದು 1926ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು. ಹೊಸ ಪದಗಳು ಹಿಡಿತದಲ್ಲಿರುವಂತೆ ವಾಚಕಗಳನ್ನೂ ರಚಿಸಿದರು. ಆ ವಿವೇಕ ನಮಗೂ ಸಲ್ಲುತ್ತದೆ. ಪುಸ್ತಕದ ಒಂದು ಪುಟವನ್ನು ತೆರೆದು ಮಗುವು ತಿಳಿಯದ ಪದಗಳಿಗೆ ಒಂದೊಂದು ಬೆರಳು ಮಡಿಸಲಿ. ಐದು ಬೆರಳೂ ಮಡಿಸಿಹೋದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಎಂಟನೆಯ ತರಗತಿಯವರು ನಾಲ್ಕನೆಯ ತರಗತಿಯ ವಾಚಕವನ್ನು ಓದಿದರೆ ಅವಮಾನವೇನೂ ಇಲ್ಲ. ಎತ್ತರದ ಪುಸ್ತಕವನ್ನು ತಡವರಿಸುತ್ತ ಓದುವುದಕ್ಕಿಂತ ಸುಲಭದ ಪುಸ್ತಕಗಳನ್ನು ಹತ್ತು ಓದುವುದು ಲೇಸು.

ಮೊದಲ ಸಲ ನಿಘಂಟನ್ನು ಮುಟ್ಟದೆ ಮೌನವಾಗಿ ಕೊನೆಯವರೆಗೆ ಓದಬೇಕು. ತಿಳಿಯದ ಪದವನ್ನು ಹಿಂದುಮುಂದಿನ ಮಾತಿನಿಂದ ಊಹಿಸಬೇಕು. ಎರಡನೆಯ ಸಲ ಓದುವಾಗ ಊಹೆಯನ್ನು ನಿಘಂಟಿನೊಡನೆ ತಾಳೆ ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟಿನಂತಹ ಪುಸ್ತಕವೊಂದು ಕೈಗೆಟುಕುವಲ್ಲಿರಲಿ. ಮೊಬೈಲಿನಲ್ಲಿ ನೋಡುವವರು ಅರ್ಥವನ್ನು ತಮ್ಮ ಕೈಯಿಂದ ಬರೆದಿಟ್ಟುಕೊಳ್ಳಲಿ.

ಓದಿದ್ದು ಅರ್ಥವಾಯಿತೆ ಎಂದು ಪರೀಕ್ಷಿಸುವವರು ಯಾರು? ಇಲ್ಲಿ ಇಂಗ್ಲಿಷು ಬಾರದ ತಾಯಿಯೇ ಉತ್ತಮ ಪರೀಕ್ಷಕಿ. 'ಏನು ಕಥೆಯಪ್ಪ, ಹೇಳು' ಎಂದು ಆಕೆ ಕೇಳಲಿ, ಮಗು ಕನ್ನಡದಲ್ಲಿ ಹೇಳಲಿ. 'ಅವನು ಯಾಕೆ ಹಾಗೆ ಮಾಡಿದ?' 'ಆಮೇಲೆ?' ಎಂದು ಅವಳು ಮುಂದಕ್ಕೆ ಕೇಳುತ್ತ ಹೋದಂತೆ ಅರ್ಥವಾಗದ ಜಾಗದಲ್ಲಿ ಮಗು ತಾನೇ ನಿಂತು, ಪುಸ್ತಕಕ್ಕೆ ಹಿಂದಿರುಗುತ್ತದೆ. ಇಂಗ್ಲಿಷು ಕಲಿಯದ ತಂದೆತಾಯಿಗಳು ತಾವು ನಿರುಪಯೋಗಿಗಳೆಂದು ಕೊರಗುವುದೂ, ಮಕ್ಕಳು ಅವರನ್ನು ಹಾಗೆ ಕಾಣತೊಡಗುವುದೂ ಬಹಳ ಮನೆಗಳಲ್ಲಿ ನಡೆಯುತ್ತಿದೆ. ಇದು ಅಂಕಗಳ ನಷ್ಟಕ್ಕಿಂತ ದೊಡ್ಡ ನಷ್ಟ. ದಿನಕ್ಕೆ ಹತ್ತು ನಿಮಿಷ ಕಥೆ ಹೇಳಿಸಿಕೊಳ್ಳುವ ಮನೆಯಲ್ಲಿ ಆ ನಷ್ಟಕ್ಕೆ ಅವಕಾಶವಿಲ್ಲ.

ನಮ್ಮ ರಾಜ್ಯದಲ್ಲಿ 2007-08ರಿಂದ ಕನ್ನಡ ಮಾಧ್ಯಮದ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಭಾಷೆ ಸೇರಿದೆ. ಕಲಿಯುವ ಕಾಲ ಹೆಚ್ಚಿದೆ, ಭಯ ಮಾತ್ರ ಅಷ್ಟಾಗಿ ಇಳಿದಿಲ್ಲ. ಭಯಪಡುವವರು ಬಿ. ಎಂ. ಶ್ರೀಕಂಠಯ್ಯನವರನ್ನು ನೆನೆಯಬೇಕು. ಅವರು ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು. 'ಇಂಗ್ಲಿಷ್ ಗೀತಗಳು' ಎಂಬ ಅನುವಾದಗಳಿಂದ ಹೊಸಗನ್ನಡ ಕವಿತೆಗೆ ದಾರಿ ಮಾಡಿದವರೂ ಅವರೇ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವರಿಗೆ ಇನ್ನೊಂದು ಭಾಷೆ ವೈರಿಯಲ್ಲ.

ಹತ್ತು ನಿಮಿಷ ವಾಕ್ಯಗಳು, ಹತ್ತು ನಿಮಿಷ ಪದಗಳು, ಹತ್ತು ನಿಮಿಷ ಓದು: ಒಟ್ಟು ಅರ್ಧ ಗಂಟೆ. ತಪ್ಪುಗಳನ್ನೆಲ್ಲ ಒಮ್ಮೆಗೇ ತಿದ್ದಲು ಹೋಗದೆ ವಾರಕ್ಕೊಂದು ತಪ್ಪನ್ನು ಹಿಡಿದು ತಿದ್ದಿರಿ. ಅಟ್ಟದ ಮೇಲಿನ ಕನ್ನಡ ಕಥೆಪುಸ್ತಕಗಳನ್ನೂ ಕೆಳಗಿಳಿಸಿಕೊಡಿ. ಒಂದು ಭಾಷೆಯಲ್ಲಿ ಓದಿನ ರುಚಿ ಕಂಡ ಮಗು ಇನ್ನೊಂದರಲ್ಲಿಯೂ ಅದನ್ನು ಹುಡುಕಿಕೊಂಡು ಹೋಗುತ್ತದೆ.