ಮನೋಸಾಮಾಜಿಕ ಅಂಶಗಳ ಅಧ್ಯಯನದಲ್ಲಿ ಸಂಖ್ಯಾಶಾಸ್ತ್ರ

ರೋಗದ ಉಗಮ ಅಥವಾ ಚೇತರಿಕೆಯ ಮೇಲೆ ಪ್ರಭಾವ ಬೀರಬಹುದಾದ ಮಾನಸಿಕ ಒತ್ತಡ, ಖಿನ್ನತೆ, ಒಂಟಿತನ, ಬಡತನ, ಕುಟುಂಬದ ಆಸರೆ ಮುಂತಾದವುಗಳನ್ನು ಮನೋಸಾಮಾಜಿಕ ಅಂಶಗಳೆಂದು ಕರೆಯುತ್ತಾರೆ. ರಕ್ತದೊತ್ತಡದಂತೆ ಇವುಗಳನ್ನು ಉಪಕರಣದಿಂದ ನೇರವಾಗಿ ಅಳೆಯಲಾಗದ ಕಾರಣ, ಇಂತಹ ಅಧ್ಯಯನಗಳಲ್ಲಿ ಸಂಖ್ಯಾಶಾಸ್ತ್ರೀಯ ಎಚ್ಚರ ಅಗತ್ಯ.

ಮಾಪನ
ಈ ಅಂಶಗಳನ್ನು ಸಾಮಾನ್ಯವಾಗಿ ಪ್ರಶ್ನಾವಳಿಯಿಂದ ಅಳೆಯಲಾಗುತ್ತದೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದಾಗ ಅದನ್ನು ಮರುಅನುವಾದಿಸಿ ಮೂಲದೊಡನೆ ಹೋಲಿಸುತ್ತಾರೆ. ಬಳಿಕ ಅದರ ವಿಶ್ವಾಸಾರ್ಹತೆ ಮತ್ತು ಸಿಂಧುತ್ವಗಳನ್ನು ಸ್ಥಳೀಯರಲ್ಲಿಯೇ ಪರೀಕ್ಷಿಸಬೇಕು. ಮನದ ಬೇಗುದಿಯನ್ನು 'ಸುಸ್ತು', 'ಎದೆ ಭಾರ' ಎಂದು ಹೇಳುವವರನ್ನು ಪದಶಃ ಅನುವಾದ ಗುರುತಿಸದೆ ಹೋಗಬಹುದು.

ಮಾದರಿಯ ಆಯ್ಕೆ
ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 12 ರಾಜ್ಯಗಳ 34,802 ವಯಸ್ಕರನ್ನು ಒಳಗೊಂಡಿತ್ತು. ಇದರಲ್ಲಿ ಬಹುಹಂತದ ಗುಚ್ಛ ಮಾದರಿಯನ್ನು ಬಳಸಲಾಯಿತು. ಸಮೀಕ್ಷೆಯ ವೇಳೆ 10.6% ವಯಸ್ಕರಲ್ಲಿ ಮಾನಸಿಕ ಅಸ್ವಸ್ಥತೆ ಇದ್ದುದು ಕಂಡುಬಂದಿತು.

ಒಂದೇ ಬಡಾವಣೆಯ ನಿವಾಸಿಗಳ ಜೀವನಸ್ಥಿತಿಯಲ್ಲಿ ಹೋಲಿಕೆ ಇರುತ್ತದೆ. ಉದಾಹರಣೆಗೆ, ರಾಜರಾಜೇಶ್ವರಿನಗರದಲ್ಲಿ 20 ಬೀದಿಗಳಿಂದ ತಲಾ 20ರಂತೆ 400 ಜನರನ್ನು ಆಯ್ದುಕೊಂಡರೆಂದು ಭಾವಿಸೋಣ. ಗುಚ್ಛದೊಳಗಿನ ಸಹಸಂಬಂಧ 0.05 ಇದ್ದರೆ ವಿನ್ಯಾಸ ಪರಿಣಾಮವು 1 + (20 − 1) × 0.05 = 1.95 ಆಗುತ್ತದೆ. ಆಗ 400 ಜನರ ಮಾಹಿತಿಯು ಸರಳ ಯಾದೃಚ್ಛಿಕವಾಗಿ ಆಯ್ದ ಸುಮಾರು 205 ಜನರ ಮಾಹಿತಿಗೆ ಸಮ. ಇದನ್ನು ಕಡೆಗಣಿಸಿದರೆ ಫಲಿತಾಂಶವು ಇರುವುದಕ್ಕಿಂತ ಹೆಚ್ಚು ಖಚಿತವಾಗಿ ತೋರುತ್ತದೆ.

ಸಂಬಂಧ ಮತ್ತು ಕಾರಣ
2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು 52 ದೇಶಗಳ 11,119 ಹೃದಯಾಘಾತ ರೋಗಿಗಳನ್ನು 13,648 ಇತರರೊಂದಿಗೆ ಹೋಲಿಸಿ, ರೋಗಿಗಳಲ್ಲಿ ಒತ್ತಡ ಹೆಚ್ಚೆಂದು ಕಂಡುಕೊಂಡಿತು. ಆದರೆ ಆಘಾತದ ನಂತರ ಪ್ರಶ್ನಿಸಿದಾಗ ರೋಗಿಯು ಹಿಂದಿನ ಕಷ್ಟಗಳನ್ನು ಹೆಚ್ಚಾಗಿ ನೆನೆಯಬಹುದು. ಇದು ಸ್ಮರಣೆಯ ಪಕ್ಷಪಾತ. ರೋಗವೇ ಖಿನ್ನತೆಯನ್ನು ಉಂಟುಮಾಡಿರಬಹುದು; ಇದು ವಿಲೋಮ ಕಾರಣತ್ವ. ಧೂಮಪಾನ ಅಥವಾ ಬಡತನದಂತಹ ಮೂರನೆಯ ಅಂಶವು ಎರಡಕ್ಕೂ ಕಾರಣವಾಗಿದ್ದರೆ ಅದು ಗೊಂದಲಕಾರಿ ಚರಾಂಶ.

2003ರ ಎನ್ರಿಚ್ಡ್ ಪ್ರಯೋಗದಲ್ಲಿ 2,481 ಹೃದಯಾಘಾತ ರೋಗಿಗಳಿದ್ದರು. ಚಿಕಿತ್ಸೆಯಿಂದ ಅವರ ಖಿನ್ನತೆ ತಗ್ಗಿದರೂ ಸಾವು ಮತ್ತು ಮರು ಹೃದಯಾಘಾತಗಳು ಕಡಿಮೆಯಾಗಲಿಲ್ಲ.

ಬಹು ಪರೀಕ್ಷೆಗಳು
ನಿಜವಾದ ಸಂಬಂಧವೇ ಇಲ್ಲದ 20 ಅಂಶಗಳನ್ನು 5% ಮಟ್ಟದಲ್ಲಿ ಸ್ವತಂತ್ರವಾಗಿ ಪರೀಕ್ಷಿಸಿದರೂ, ಒಂದಾದರೂ ಆಕಸ್ಮಿಕವಾಗಿ ಮಹತ್ವದ್ದೆಂದು ತೋರುವ ಸಂಭವ ಸುಮಾರು 64%. ಆದ್ದರಿಂದ ಮುಖ್ಯ ಪ್ರಶ್ನೆಯನ್ನು ಮೊದಲೇ ನಿರ್ಧರಿಸಿರಬೇಕು.

ಮಹತ್ವ
ಜಠರದ ಹುಣ್ಣಿಗೆ ಒತ್ತಡವೇ ಮುಖ್ಯ ಕಾರಣವೆಂದು ದೀರ್ಘಕಾಲ ನಂಬಲಾಗಿತ್ತು. ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾದ ಪಾತ್ರವನ್ನು ತೋರಿಸಿದ ಮಾರ್ಷಲ್ ಮತ್ತು ವಾರೆನ್ 2005ರಲ್ಲಿ ನೊಬೆಲ್ ಪಡೆದರು. ದುಡುಕಿನ ತೀರ್ಮಾನವು ರೋಗದ ಹೊಣೆಯನ್ನು ರೋಗಿಯ ಸ್ವಭಾವದ ಮೇಲೆ ಹೊರಿಸಿ, ಸರಿಯಾದ ಚಿಕಿತ್ಸೆಯನ್ನು ತಡಮಾಡಬಲ್ಲದು.